ಎರೆಹೊಲಕ್ಕೆ ಬಂದ ಅಮೆರಿಕದ ಯುದ್ಧ

1861ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಉತ್ತರ, ದಕ್ಷಿಣ ಸಂಸ್ಥಾನಗಳ ನಡುವೆ ಯುದ್ಧ ಹತ್ತಿಕೊಂಡಿತು. ನಮ್ಮ ಶಾಲೆಯ ಹುಡುಗರು ಲಿಂಕನ್ನನ ಹೆಸರನ್ನೂ ಗುಲಾಮಗಿರಿ ಅಳಿದ ವರ್ಷವನ್ನೂ ಬಾಯಿಪಾಠ ಮಾಡಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಅದೇ ಯುದ್ಧ ನವಲಗುಂದ, ರೋಣ, ಗದಗುಗಳ ಒಕ್ಕಲಿಗನನ್ನು ಹೊಲದ ಬದುವಿನ ಮೇಲೆ ನಿಲ್ಲಿಸಿ, 'ಈ ಸಲ ಜೋಳವೋ, ಹತ್ತಿಯೋ?' ಎಂದು ಕೇಳಿತೆಂಬ ಸಂಗತಿಯನ್ನು ಅವರಿಗೆ ಹೇಳುವವರು ಕಡಿಮೆ.

ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಪಾಲು ಅಮೆರಿಕದ ದಕ್ಷಿಣದಿಂದ ಹೋಗುತ್ತಿತ್ತು. ಉತ್ತರದವರ ಯುದ್ಧನೌಕೆಗಳು ಆ ಬಂದರುಗಳನ್ನು ಕಟ್ಟಿಹಾಕಿದವು. ಯುದ್ಧಕ್ಕೆ ಮೊದಲು ರಾತಲಿಗೆ 6-7 ಪೆನ್ನಿ ಇದ್ದ ಅಮೆರಿಕದ ಹತ್ತಿ 1864ರಲ್ಲಿ ಲಿವರ್‌ಪೂಲ್ ಪೇಟೆಯಲ್ಲಿ 27 ಪೆನ್ನಿಯ ಸುಮಾರಿಗೆ ಏರಿತು. ಗಿರಣಿಯವರ ಕಣ್ಣು ಹಿಂದೂಸ್ಥಾನದ ಕಡೆಗೆ ತಿರುಗಿದುದು ಸಹಜವೇ ಆಗಿದೆ.

ಆದರೆ ಒಕ್ಕಲಿಗನ ಲೆಕ್ಕ ಅಷ್ಟು ಸರಳವಾದುದಲ್ಲ. ಬಿಳಿಜೋಳ ಬಿತ್ತಿದರೆ ಮನೆಗೆ ರೊಟ್ಟಿ, ಎತ್ತಿಗೆ ಕಣಿಕೆ. ಮಿಕ್ಕ ಕಾಳು ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುವುದು. ಹತ್ತಿ ಬಿತ್ತಿದರೆ ಕೈಗೆ ರೊಕ್ಕ. ಆದರೆ ರೊಕ್ಕವನ್ನು ಎತ್ತು ಮೇಯುವುದಿಲ್ಲ. ಹತ್ತಿಯನ್ನು ಶ್ರಾವಣ-ಭಾದ್ರಪದದ ಮಳೆಗೆ ಬಿತ್ತಬೇಕು, ಮಾಘ-ಫಾಲ್ಗುಣಕ್ಕೆ ಬಿಡಿಸಬೇಕು. ನಡುವಣ ಆರು ತಿಂಗಳಲ್ಲಿ ಸಮುದ್ರದಾಚೆ ಏನಾದೀತೆಂದು ಯಾರು ಬಲ್ಲರು? ಯುರೋಪಿಗೆ ತಂತಿ ನೇರವಾಗಿ ಕೂಡಿದುದು 1865ರಲ್ಲಿ. ಅದಕ್ಕೆ ಮೊದಲು ಲಿವರ್‌ಪೂಲಿನ ದರ ಹಡಗಿನಲ್ಲಿ ಮುಂಬಯಿಗೆ ಬರಲು ಸುಮಾರು ಒಂದು ತಿಂಗಳು ಹಿಡಿಯುತ್ತಿತ್ತು. ಅಲ್ಲಿಂದ ಹಳ್ಳಿಗೆ ಬರುವುದು ಸಾವಕಾರನ ಬಾಯಿಂದ. ಅವನು ಎಷ್ಟು ಹೇಳುವನೋ ಅಷ್ಟೇ ದರ!

ಹತ್ತಿಯಲ್ಲಿಯೂ ಎರಡು ಬಗೆ. 1840ರ ದಶಕದಲ್ಲಿ ಧಾರವಾಡದ ಕಲೆಕ್ಟರ್ ಶಾ ಎಂಬವನು ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ಇಲ್ಲಿ ಬೆಳೆಸಿ ತೋರಿಸಿದನು. ಯುದ್ಧ ಹತ್ತುವ ಹೊತ್ತಿಗೆ ಅದು ಜಿಲ್ಲೆಯಲ್ಲಿ ಲಕ್ಷ ಎಕರೆಗೂ ಮಿಕ್ಕಿ ಹಬ್ಬಿತ್ತು. ನಾಡಹತ್ತಿಯ ಕಾಳನ್ನು ಮನೆಯ ಹೆಂಗಸರೇ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಬೇರ್ಪಡಿಸುತ್ತಿದ್ದರು. ಅಮೆರಿಕದ ಹತ್ತಿಯಾದರೋ ಕಾಳಿಗೆ ಅಂಟಿಕೊಂಡು ಈ ಉಪಾಯಕ್ಕೆ ಬಗ್ಗದು. ಅದಕ್ಕೆ ಗರಗಸದ ಜಿನ್ನು ಬೇಕು. ಅದನ್ನು ತಯಾರಿಸಿ ದುರಸ್ತಿ ಮಾಡಲು ಸರ್ಕಾರ ಧಾರವಾಡದಲ್ಲಿ ಕಾರಖಾನೆಯನ್ನೇ ಇಟ್ಟಿತ್ತು. ಹೊಸ ಬೀಜ ಬಿತ್ತಿದವನು ಆ ದಿನದಿಂದಲೇ ಜಿನ್ನಿನ ಒಡೆಯನಿಗೂ ಬದ್ಧನಾದನು.

ನಾಡಹತ್ತಿಗೆ ಪೇಟೆಯಲ್ಲಿ 'ಕುಮಟಾ' ಎಂದು ಹೆಸರು. ಕುಮಟೆಯಲ್ಲಿ ಅದನ್ನು ಬೆಳೆಯುತ್ತಿರಲಿಲ್ಲ! ಬೆಳೆದುದು ಘಟ್ಟದ ಮೇಲೆ. ಚಕ್ಕಡಿಯಲ್ಲಿ ಘಟ್ಟವಿಳಿದು ಹಡಗೇರಿದ ಬಂದರಿನ ಹೆಸರು ಅದಕ್ಕೆ ಅಂಟಿತು. ಬೆಳೆದವನ ಊರನ್ನು ಮರೆತು ಮಾರಿದವನ ಊರನ್ನು ನೆನೆಯುವುದು ವ್ಯಾಪಾರದ ಹಳೆಯ ರೂಢಿ. ಈ ದಾರಿಯ ಮಹತ್ವ ಎಷ್ಟೆಂದರೆ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆ ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳ ಒತ್ತಾಯವೂ ಇದ್ದಿತು.

ದರ ಏರಿದಂತೆ ಹತ್ತಿಯ ಹೊಲಗಳು ಹೆಚ್ಚಿದವು. ಕಸಕಡ್ಡಿ, ಕೀಳು ಹತ್ತಿ ಬೆರೆಸುವ ಮೋಸವೂ ಹೆಚ್ಚಿ, 1863ರಲ್ಲಿ ಅದನ್ನು ತಡೆಯಲು ಮುಂಬಯಿ ಸರ್ಕಾರ ಕಾಯಿದೆಯನ್ನೇ ಮಾಡಬೇಕಾಯಿತು. ಇತ್ತ ಜೋಳದ ದರವೂ ಏರಿತು. ಆದುದರಿಂದ ಜೋಳವನ್ನು ಬಿಡದೆ ಹಿಡಿದವನೂ ಸೋಲಲಿಲ್ಲ. ಹೊಲವನ್ನೆಲ್ಲ ಹತ್ತಿಗೆ ಕೊಟ್ಟವನು ತಿನ್ನುವ ಕಾಳನ್ನು ಏರಿದ ದರಕ್ಕೆ ಕೊಳ್ಳಬೇಕಾಯಿತು. ಹತ್ತಿ ಸಾಲದೆಂದು ದೂರುತ್ತಿದ್ದ ಇಂಗ್ಲಿಷರು ನಮ್ಮ ರೈತನನ್ನು ಹಳೆಯ ರೂಢಿಗೆ ಜೋತುಬಿದ್ದವನೆಂದು ಜರೆದರು. ನನಗೆ ಹಾಗೆ ತೋರುವುದಿಲ್ಲ. ಒಂದು ವರ್ಷ ಜೋಳ, ಮರುವರ್ಷ ಹತ್ತಿ ಎಂದು ಹೊಲವನ್ನು ಸರದಿಯಲ್ಲಿ ಇಡುತ್ತಿದ್ದವನು ಭೂಮಿಯ ಸತ್ವವನ್ನೂ ಮಕ್ಕಳ ಹೊಟ್ಟೆಯನ್ನೂ ಒಟ್ಟಿಗೆ ನೋಡಿಕೊಂಡನು. ಅವನ ಹಗೇವಿನ ಲೆಕ್ಕ ಗಿರಣಿಯವನಿಗೆ ತಿಳಿಯುವಂಥದಲ್ಲ.

1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದನು. ಸಂಧಿಯ ಸುದ್ದಿಗೇ ಹತ್ತಿಯ ದರ ಕುಸಿಯಿತು. ಜುಲೈ 1ರಂದು ಮುಂಬಯಿಯ ಷೇರು ವ್ಯವಹಾರ ಮುರಿದುಬಿತ್ತು. ದೊಡ್ಡ ದೊಡ್ಡ ಸೇಠರು ದಿವಾಳಿಯಾದರು. ಅವರ ಕಥೆ ಪುಸ್ತಕಗಳಲ್ಲಿದೆ. ಏರಿದ ದರವನ್ನು ನಂಬಿ ಸಾಲಮಾಡಿ ಎತ್ತು ಕೊಂಡ ಒಕ್ಕಲಿಗನ ಕಥೆಯನ್ನು ಯಾರೂ ಅಷ್ಟು ವಿವರವಾಗಿ ಬರೆದಿಡಲಿಲ್ಲ. ಮೇಲಾಗಿ, ಮೂವತ್ತು ವರ್ಷಗಳ ಹಳೆಯ ಜಮಾಬಂದಿಯ ಅವಧಿ ತೀರಿ 1870ರ ದಶಕದಲ್ಲಿ ಕಂದಾಯವೂ ಏರಿತು.

ಅಷ್ಟರಲ್ಲಿ 1876ರ ಮಳೆ ಹೋಯಿತು. ಧಾತು, ಈಶ್ವರ ಸಂವತ್ಸರಗಳ ಆ ಬರಗಾಲದಲ್ಲಿ ಧಾರವಾಡಕ್ಕಾಗಲಿ ಹುಬ್ಬಳ್ಳಿಗಾಗಲಿ ಇನ್ನೂ ರೈಲು ಬಂದಿರಲಿಲ್ಲ. ಹತ್ತಿಯ ಅಂಡಿಗೆಗಳನ್ನು ಹೊತ್ತು ಚಕ್ಕಡಿಗಳು ಇಳಿದುಹೋಗುತ್ತಿದ್ದ ಘಟ್ಟದ ದಾರಿಯಲ್ಲಿಯೇ, ಕುಮಟಾ ಕಾರವಾರ ಬಂದರುಗಳಲ್ಲಿ ಇಳಿದ ಪರಸ್ಥಳದ ಧಾನ್ಯ ಮೇಲಕ್ಕೆ ಏರಿಬಂದಿತು.