ಬೈಸಿಕಲ್ಲಿನ ಅಚ್ಚೂ ಚಿನ್ನದ ಗಣಿಯ ಧೂಳೂ

ಚಕ್ರದ ನಾಭಿಯಲ್ಲಿ ಘರ್ಷಣವನ್ನು ತಗ್ಗಿಸುವ ವಿಚಾರವು ನಮ್ಮ ದೇಶಕ್ಕೆ ಹೊಸತಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಮನುಷ್ಯನ ಆಯುಸ್ಸಿಗೆ ಬಂಡಿಯ ಅಚ್ಚು ದೃಷ್ಟಾಂತವಾಗಿದೆ. ಉತ್ತಮವಾದ ಅಚ್ಚು ಕಾಲಕ್ರಮದಿಂದ ಸವೆದು ಮುಗಿಯುವುದು; ಅತಿಭಾರ, ವಿಷಮಮಾರ್ಗ, ಸ್ನೇಹಲೇಪನದ ಅಭಾವ ಇವುಗಳಿಂದ ನಡುವೆಯೇ ಕೆಡುವುದು. ನಮ್ಮ ಒಕ್ಕಲಿಗರ ಕೀಲೆಣ್ಣೆಗೂ ಇದೇ ತಾತ್ಪರ್ಯ.

ಬೈಸಿಕಲ್ಲಿಗೆ ಗುಂಡುಗಳ ಬೇರಿಂಗನ್ನು ಅಳವಡಿಸುವ ಪೇಟೆಂಟನ್ನು 1869ರಲ್ಲಿ ಪ್ಯಾರಿಸಿನ ಜೂಲ್ ಸುರಿರೇ ಎಂಬವನು ಪಡೆದನು. 1883ರಲ್ಲಿ ಜರ್ಮನಿಯ ಫ್ರೀಡ್ರಿಶ್ ಫಿಷರನು ಉಕ್ಕಿನ ಗುಂಡುಗಳನ್ನು ಸಮವಾಗಿ ಅರೆಯುವ ಯಂತ್ರವನ್ನು ರಚಿಸಿದನು. ಬೇರಿಂಗುಗಳಲ್ಲಿ ಎರಡು ಬಗೆ. ತೆರೆದದ್ದರಲ್ಲಿ ಬಟ್ಟಲಿಗೂ ಕೋನಿಗೂ ನಡುವೆ ಬಿಡಿ ಗುಂಡುಗಳಿರುವುವು. ಮುಚ್ಚಿದ್ದರಲ್ಲಿ ಗುಂಡುಗಳೂ ಗ್ರೀಸೂ ರಬ್ಬರಿನ ಮುಚ್ಚಳದೊಳಗೆ ಅಡಗಿರುವುವು.

ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಈ ಭೇದವು ಮುಖ್ಯವಾಗುವುದು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದ ಬಳಿಕ ಇಲ್ಲಿ ಗಣಿಯ ಕೆಲಸವು ಬೆಳೆಯಿತು. ಬಂಡೆಯನ್ನು ಹಿಟ್ಟಿನಂತೆ ಅರೆದು ಸೈನೈಡಿನಿಂದ ಚಿನ್ನವನ್ನು ತೆಗೆದಮೇಲೆ ಉಳಿದ ಮಣ್ಣೇ ದಿಬ್ಬಗಳಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದರೂ ದಿಬ್ಬಗಳು ನಿಂತಿವೆ. ಗಾಳಿಯ ಕಾಲದಲ್ಲಿ ಅವುಗಳ ಸಣ್ಣ ಧೂಳು ಊರಿನ ಮೇಲೆ ಹರಡುವುದು. ಅದು ಗ್ರೀಸಿನೊಡನೆ ಬೆರೆತರೆ ಸಾಣೆಯ ಪುಡಿಯಂತೆ ಉಕ್ಕನ್ನು ತಿನ್ನುವುದು.

ಹಾಗಾದರೆ ಮುಚ್ಚಿದ ಬೇರಿಂಗೇ ಸರ್ವತ್ರ ಶ್ರೇಷ್ಠವೆಂಬುದು ಪೂರ್ವಪಕ್ಷ. ಇದು ಪೂರ್ಣವಾಗಿ ಸಲ್ಲದು. ಅದು ಧೂಳನ್ನು ತಡೆಯುವುದು ನಿಜ; ಸವೆದರೆ ಬಿಗಿಮಾಡಲಾಗದು, ಇಡಿಯಾಗಿ ಬದಲಿಸಬೇಕು; ಅದಕ್ಕೆ ತಕ್ಕ ಅಳತೆಯ ಬಿಡಿಭಾಗವೂ ಒತ್ತಿ ಕೂರಿಸುವ ಸಲಕರಣೆಯೂ ಬೇಕು. ತೆರೆದದ್ದಕ್ಕೆ ಎರಡು ಸ್ಪ್ಯಾನರು, ಹಿಡಿ ಗುಂಡು, ಹೊಸ ಗ್ರೀಸು ಸಾಕು.

ಆದುದರಿಂದ ದಿಬ್ಬದ ಮಗ್ಗುಲಲ್ಲಿ ನಿತ್ಯ ಸಂಚರಿಸುವವನಿಗೆ, ಬಿಡಿಭಾಗ ದೊರೆಯುವುದಾದರೆ, ಮುಚ್ಚಿದ್ದು ಯುಕ್ತ. ಬಂಗಾರಪೇಟೆಯ ಸುತ್ತಣ ಹಳ್ಳಿಗಳಿಂದ ಹಾಲನ್ನೋ ತರಕಾರಿಯನ್ನೋ ಹೇರಿಕೊಂಡು ಬರುವವನಿಗೆ ತೆರೆದದ್ದೇ ಹಿತ. ದಾರಿಯಲ್ಲಿ ಚಕ್ರ ಕೆಟ್ಟರೆ ಆ ದಿನದ ಸಂಪಾದನೆಯೇ ಹೋಗುವುದು, ರಿಪೇರಿಯು ಹತ್ತಿರದಲ್ಲಿರಬೇಕು. ಆದರೆ ಅವನು ಗ್ರೀಸನ್ನು ಮರೆಯಬಾರದು. ಚರಕನು ಎಣಿಸಿದ ದೋಷಗಳಲ್ಲಿ ಭಾರವೂ ದಾರಿಯೂ ಬಡವನ ವಶದಲ್ಲಿಲ್ಲ. ಲೇಪನವೊಂದೇ ಅವನ ಕೈಯಲ್ಲಿರುವುದು.