ನಿದ್ದೆಯಲ್ಲಿ ಹಲ್ಲು ಕಡಿಯುವವರ ಚರಿತ್ರೆ

ಬಾಲ್ಯದಲ್ಲಿ ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆನೆಂದು ಅಮ್ಮ ಜಂತುಹುಳುವಿನ ಔಷಧಿ ಕುಡಿಸುತ್ತಿದ್ದರು. ಹೊಟ್ಟೆಯ ಹುಳುವೇ ಕಾರಣವೆಂಬುದರಲ್ಲಿ ಊರಿನಲ್ಲಿ ಯಾರಿಗೂ ಸಂಶಯವಿರಲಿಲ್ಲ. ವೈದ್ಯರೂ ಈ ವಿಷಯದಲ್ಲಿ ಅಷ್ಟೇ ನಿಸ್ಸಂಶಯರಾಗಿ ಎಡವಿದ್ದರೆಂಬುದು ನನಗೆ ತಿಳಿದದ್ದು ನಿವೃತ್ತಿಯ ಬಳಿಕ.

ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ, ಮೂಗು, ಗಂಟಲಿನ ವೈದ್ಯ ಜೇಮ್ಸ್ ಕಾಸ್ಟೆನ್ 1934ರಲ್ಲಿ 11 ರೋಗಿಗಳನ್ನು ಆಧರಿಸಿ, ಹಿಂಬದಿಯ ಹಲ್ಲುಗಳು ಹೋದಾಗ ದವಡೆಯ ಕೀಲು ಕಿವಿಯ ಬಳಿಯ ನರಗಳನ್ನು ಒತ್ತುವುದೇ ಆ ಭಾಗದ ನೋವಿಗೆ ಮೂಲವೆಂದರು. ಅಂಗರಚನೆ ಇದನ್ನು ಒಪ್ಪುವುದಿಲ್ಲವೆಂದು ಹ್ಯಾರಿ ಸಿಷರ್ 1948ರಲ್ಲಿ ತೋರಿಸಿದರೂ, ದೋಷ ಹಲ್ಲಿನಲ್ಲೇ ಇದೆಯೆಂಬ ನಂಬಿಕೆ ಅಳಿಯಲಿಲ್ಲ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಸರಿಯಾಗಿ ಕೂಡುವಂತೆ ಮಾಡಿದರೆ ಕಡಿಯುವುದು ನಿಲ್ಲುತ್ತದೆಂದು ರಾಮ್‌ಫ್ಯೋರ್ಡ್ 1961ರಲ್ಲಿ ಬರೆದರು. ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಗುಂಪೊಂದು ಆ ಅಧ್ಯಯನದಲ್ಲಿರಲಿಲ್ಲ. ಆದರೂ ಅದನ್ನು ನಂಬಿ ಎಷ್ಟೋ ಬಾಯಿಗಳಲ್ಲಿ ಗಟ್ಟಿ ಹಲ್ಲುಗಳನ್ನು ಉಜ್ಜಿ ಸಮಗೊಳಿಸಿದರು. ನನ್ನ ಎರಡು ದವಡೆಹಲ್ಲುಗಳಿಗೂ ಅದೇ ಗತಿಯಾಯಿತು. (ಅಮ್ಮನ ಔಷಧಿಯಿಂದ ಹಲ್ಲಿಗಾದರೂ ಹಾನಿಯಾಗಿರಲಿಲ್ಲ.)

1984ರಲ್ಲಿ ಅಮೆರಿಕದ ಸಂಶೋಧಕರು ಹಲ್ಲು ಕಡಿಯುವ 10 ಮಂದಿಯ ಬಾಯಲ್ಲಿ ಬೇಕೆಂದೇ ಎತ್ತರದ ಹಲ್ಲಿನ ಕವಚ ಕೂರಿಸಿ, ರಾತ್ರಿ ಅವರ ದವಡೆಯ ಸ್ನಾಯುಗಳನ್ನು ಗಮನಿಸಿದರು. ಕಡಿಯುವುದು ಹೆಚ್ಚಲಿಲ್ಲ, ಬಹುತೇಕರಲ್ಲಿ ಕಡಿಮೆಯೇ ಆಯಿತು!

ನಿದ್ದೆಯ ನಡುವೆ ಮಿದುಳು ಕ್ಷಣಕಾಲ ಎಚ್ಚರದತ್ತ ವಾಲುತ್ತದೆ, ಹೃದಯದ ಬಡಿತ ಏರುತ್ತದೆ, ದವಡೆ ಬಿಗಿಯುವುದು ಅದರ ಬೆನ್ನಿಗೆ ಎಂಬುದು ಈಗಿನ ತಿಳಿವಳಿಕೆ. ಕಡಿಯುವವರೆಲ್ಲರಿಗೂ ದವಡೆ ನೋಯುವುದಿಲ್ಲ, ನೋಯುವವರೆಲ್ಲರೂ ಕಡಿಯುವುದಿಲ್ಲ. ಹಲ್ಲು ಸವೆಸಿಕೊಂಡ ಮೇಲೂ ನಾನು ಕಡಿಯುತ್ತಲೇ ಇದ್ದೇನೆಂಬುದಕ್ಕೆ ನಮ್ಮ ಮನೆಯಾಕೆಯೇ ಸಾಕ್ಷಿ.