ಮಲೆನಾಡಿನ ಕೇಪಿನ ಕೋವಿ: ಒಂದು ಚಾರಿತ್ರಿಕ ನೋಟ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆ ತೋಟದ ಮನೆಗಳಿಗೆ ಕೇಪಿನ ಕೋವಿ ಹೊಸದಲ್ಲ. ಮಂಗ, ಹಂದಿಗಳ ಕಾಟದಿಂದ ಬೆಳೆ ಉಳಿಸಿಕೊಳ್ಳಲು ರೈತರು ಸರ್ಕಾರದ ಪರವಾನಿಗೆ ಪಡೆದು ಇದನ್ನು ಇಟ್ಟುಕೊಳ್ಳುತ್ತಾರೆ. ತೋಟಾ ಕೋವಿಗೆ ಹಿಂದಿನಿಂದ ತೋಟಾ ಹಾಕಿದರೆ, ಇದಕ್ಕೆ ಬಾಯಿಯಿಂದಲೇ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿಯಬೇಕು. ನೋಡಲು ಸರಳವಾದ ಈ ಆಯುಧದ ಹಿಂದೆ ಐದು ಶತಮಾನಗಳ ಚರಿತ್ರೆಯಿದೆ. ಆ ಚರಿತ್ರೆಯ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಹೊರಗಿನ ಕಿಡಿಯನ್ನು ಒಳಗಿನ ಮದ್ದಿಗೆ ತಪ್ಪದೆ ಮುಟ್ಟಿಸುವುದು ಹೇಗೆ?

ಪದಗಳು ಹೇಳುವ ಕಥೆ

ಕೋವಿ, ನಳಿಗೆ ಎಂಬ ಕನ್ನಡ ಪದಗಳಿಗೆ ಕೊಳವೆ ಎಂಬ ಅರ್ಥವಿದೆ. ಬಂದೂಕು ಅರಬ್ಬಿ ಮೂಲದ್ದು. ತುಪಾಕಿ, ತೋಪು, ಚಕಮಕಿ ತುರ್ಕಿ ಮೂಲದಿಂದ ಬಂದವು. ಕೇಪು ಇಂಗ್ಲಿಷಿನದು. ಕನ್ನಡದಲ್ಲಿ ಮದ್ದು ಎಂದರೆ ಔಷಧವೂ ಹೌದು, ಸಿಡಿಮದ್ದೂ ಹೌದು. ಉರ್ದುವಿನ ದಾರೂ ಪದಕ್ಕೂ ಇವೆರಡು ಅರ್ಥಗಳಿವೆ. ಮದ್ದಿಗೆ ಕಿಡಿ ಕೊಡಲು ಬಂದು ಬಡಿಯುವ ಭಾಗವನ್ನು ನಾವು ಕುದುರೆ ಎಂದರೆ ಉರ್ದುವಿನಲ್ಲಿ ಘೋಡಾ ಎನ್ನುತ್ತಾರೆ. ಒಂದು ಆಯುಧ ಎಷ್ಟು ನಾಡುಗಳನ್ನು ದಾಟಿ ನಮ್ಮಲ್ಲಿಗೆ ಬಂತು ಎಂಬುದಕ್ಕೆ ಈ ಪದಗಳೇ ಸಾಕ್ಷಿ.

ಬತ್ತಿಯಿಂದ ಕೇಪಿನವರೆಗೆ

1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಕಡೆಯಿದ್ದ ಪೋರ್ಚುಗೀಸರು ಕೋಟೆಯ ಮೇಲಿನ ಕಾವಲುಗಾರರಿಗೆ ಕೋವಿಯಿಂದ ಗುರಿಯಿಟ್ಟರೆಂದು ನೂನಿಜ್ ಬರೆದಿದ್ದಾನೆ. ಅದು ಬತ್ತಿಯ ಕೋವಿಗಳ ಕಾಲ. ಉರಿಯುವ ಬತ್ತಿಯನ್ನು ಬಟ್ಟಲಿನಲ್ಲಿದ್ದ ರಂಜಕದ ಪುಡಿಗೆ ತಾಗಿಸಿದರೆ, ನಳಿಗೆಯ ಪಕ್ಕದ ಸಣ್ಣ ರಂಧ್ರದ ಮೂಲಕ ಬೆಂಕಿ ಒಳಗೆ ಹೋಗುತ್ತಿತ್ತು. ಮಳೆ ಬಂದರೆ ಬತ್ತಿ ಆರುತ್ತಿತ್ತು.

ಆ ಬಳಿಕ ಬಂದದ್ದು ಚಕಮಕಿ ಕೋವಿ. 1760ರ ದಶಕದಲ್ಲಿ ಸೋದೆ ಸಂಸ್ಥಾನ ಹೈದರಲಿಯ ವಶವಾದ ಮೇಲೆ ನಮ್ಮ ಘಟ್ಟದ ಮೇಲಿನ ಪ್ರದೇಶ ಮೈಸೂರಿಗೆ ಸೇರಿತು. ಟಿಪ್ಪು ಸುಲ್ತಾನರ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಚಕಮಕಿ ಕೋವಿಗಳು, ಅವರು ಜಾರಿಗೆ ತಂದ ಮೌಲೂದಿ ವರ್ಷದ ಗುರುತಿನೊಂದಿಗೆ, ಇಂದಿಗೂ ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಲ್ಲಿವೆ. ಬತ್ತಿಯ ತೊಂದರೆ ತಪ್ಪಿತು. ಆದರೆ ರಂಜಕದ ಪುಡಿ ಒದ್ದೆಯಾಗುವ ತೊಂದರೆ ಉಳಿಯಿತು.

ಇದರ ಬೆಲೆ ತೆತ್ತವರಲ್ಲಿ ದಕ್ಷಿಣ ಭಾರತದ ಸಿಪಾಯಿಗಳೂ ಇದ್ದರು. 1841ರ ಮೇ ತಿಂಗಳಲ್ಲಿ, ಅಫೀಮು ಯುದ್ಧದ ವೇಳೆ, ಚೀನಾದ ಕ್ಯಾಂಟನ್ ಬಳಿ ಮದ್ರಾಸಿನ 37ನೇ ದೇಶೀಯ ಪದಾತಿ ದಳದ ಒಂದು ತುಕಡಿ ಗುಡುಗು ಮಳೆಗೆ ಸಿಕ್ಕಿಬಿದ್ದಿತು. ಚಕಮಕಿ ಕೋವಿಗಳು ಹಾರಲೇ ಇಲ್ಲ. ಅವರನ್ನು ಬಿಡಿಸಿ ತಂದ ನೌಕಾದಳದ ಸೈನಿಕರ ಕೈಯಲ್ಲಿದ್ದುದು ಕೇಪಿನ ಕೋವಿ.

ಈ ಕೇಪಿಗೆ ದಾರಿ ಮಾಡಿದವನು ಅಲೆಕ್ಸಾಂಡರ್ ಫೋರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಹೊಡೆತಕ್ಕೇ ಹೊತ್ತಿಕೊಳ್ಳುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ಆ ರಾಸಾಯನಿಕವನ್ನು ತಾಮ್ರದ ಪುಟ್ಟ ಟೋಪಿಯೊಳಗೆ ತುಂಬಿದಾಗ ಕೇಪು ಹುಟ್ಟಿತು. 1834ರಲ್ಲಿ ಇಂಗ್ಲೆಂಡಿನ ವೂಲಿಚ್‌ನಲ್ಲಿ ಎರಡೂ ಬಗೆಯ ಕೋವಿಗಳಿಂದ 6,000 ಸಲ ಹಾರಿಸಿ ನೋಡಿದರು. ಚಕಮಕಿ ಕೋವಿ 922 ಸಲ ಕೈಕೊಟ್ಟರೆ, ಕೇಪಿನ ಕೋವಿ ಕೈಕೊಟ್ಟದ್ದು 36 ಸಲ ಮಾತ್ರ. 1857ರ ದಂಗೆಗೆ ಕಿಡಿ ಹಚ್ಚಿದ ಎನ್‌ಫೀಲ್ಡ್ ಕೋವಿಯೂ ಬಾಯಿಯಿಂದ ತುಂಬುವ ಕೇಪಿನ ಕೋವಿಯೇ ಆಗಿತ್ತು.

ಬಿರಡೆ ಮತ್ತು ಮಸಿ

ಮೂಲತಃ ಕೋವಿಯ ನಳಿಗೆ ಎರಡೂ ಕಡೆ ತೆರೆದ ಕಬ್ಬಿಣದ ಕೊಳವೆ. ಅದರ ಹಿಂಬದಿಯನ್ನು ತಿರುಪು ಕೊರೆದ ಕಬ್ಬಿಣದ ಬಿರಡೆಯಿಂದ ಮುಚ್ಚುತ್ತಾರೆ. ಇದು ಸಣ್ಣ ಕೆಲಸವಲ್ಲ. 1543ರಲ್ಲಿ ಪೋರ್ಚುಗೀಸರ ಕೋವಿ ಜಪಾನಿನ ತನೆಗಾಶಿಮಾ ದ್ವೀಪಕ್ಕೆ ಬಂದಾಗ, ಕತ್ತಿ ಮಾಡುವುದರಲ್ಲಿ ನಿಪುಣನಾದ ಕಮ್ಮಾರನಿಗೂ ಈ ತಿರುಪು ಬಿರಡೆಯ ಗುಟ್ಟು ತಿಳಿಯಲಿಲ್ಲವಂತೆ. ಮರುವರ್ಷ ಬಂದ ಪರದೇಶಿ ಕುಶಲಕರ್ಮಿಯಿಂದ ಅದನ್ನು ಕಲಿತನೆಂದು ಅಲ್ಲಿನವರು ಹೇಳುತ್ತಾರೆ.

ಮದ್ದು ಸಿಡಿದಾಗ ಮುಂದಕ್ಕೆ ಎಷ್ಟು ಒತ್ತಡವೋ ಹಿಂದಕ್ಕೂ ಅಷ್ಟೇ ಒತ್ತಡ. ಅದನ್ನು ತಡೆಯುವುದು ಈ ಬಿರಡೆ. ಅದರ ಎದುರಿಗಿರುವುದು ಹಾರಿಸುವವನ ಕಣ್ಣು.

ಕಪ್ಪು ಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಹೊಗೆ ಮತ್ತು ಮಸಿಯಾಗುತ್ತದೆ. ಮಸಿಯಲ್ಲಿರುವ ಲವಣಗಳು ಗಾಳಿಯ ತೇವ ಹೀರುತ್ತವೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪು ನೀರೊಡೆಯುವುದಿಲ್ಲವೇ, ಹಾಗೆಯೇ. ಈ ತೇವ ಬಿರಡೆಯ ತಿರುಪನ್ನು ತಿನ್ನುತ್ತದೆ. ಮಸಿ ಕಿಡಿ ಹೋಗುವ ಸಣ್ಣ ದಾರಿಯನ್ನು ಮುಚ್ಚುತ್ತದೆ. ಲವಣ ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದ್ದರಿಂದಲೇ ಅಂದಿನ ಸೈನ್ಯಗಳಲ್ಲಿ ನಳಿಗೆಯನ್ನು ಮೊದಲು ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಬಳಿಕ ಎಣ್ಣೆ ಸವರುತ್ತಿದ್ದರು. ಎಣ್ಣೆ ಹೆಚ್ಚಾಗಿ ಕಿಡಿಯ ದಾರಿಯಲ್ಲಿ ನಿಂತರೂ ಮದ್ದು ಹೊತ್ತುವುದಿಲ್ಲ.

ಕಿಡಿ ತಪ್ಪಿದಾಗ

ಕೇಪು ಸಿಡಿದೂ ಒಳಗಿನ ಮದ್ದು ಹೊತ್ತದಿದ್ದರೆ ಕೋವಿ ಸುಮ್ಮನಾಯಿತೆಂದು ತಿಳಿಯಬಾರದು. ಒಳಗೆ ಕುಟುಕುವ ಕಿಡಿ ಕೆಲವು ಕ್ಷಣಗಳ ನಂತರ ಹೊತ್ತಿಕೊಳ್ಳಬಹುದು. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಯುದ್ಧಭೂಮಿಯಿಂದ ಆರಿಸಿ ತಂದ 27 ಸಾವಿರಕ್ಕೂ ಹೆಚ್ಚು ಕೋವಿಗಳಲ್ಲಿ ಸುಮಾರು 24 ಸಾವಿರ ಕೋವಿಗಳು ತುಂಬಿದ ಸ್ಥಿತಿಯಲ್ಲೇ ಇದ್ದವೆಂದು ವರದಿಯಾಯಿತು. ಎಷ್ಟೋ ಕೋವಿಗಳಲ್ಲಿ ಒಂದರ ಮೇಲೊಂದು ಎರಡು, ಮೂರು ಸಲ ತುಂಬಲಾಗಿತ್ತು. ಗದ್ದಲದಲ್ಲಿ ತನ್ನ ಕೋವಿ ಹಾರಲಿಲ್ಲವೆಂಬುದೇ ಸೈನಿಕನಿಗೆ ತಿಳಿಯದೆ ಹೋಗಿರಬೇಕು.

ಈ ಪಾಠ ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಅಟ್ಟದ ಮೇಲೆ, ಗೋಡೆಯ ಗೂಟದಲ್ಲಿ ವರ್ಷಗಟ್ಟಲೆ ತೂಗುವ ಹಳೆಯ ಕೋವಿಯೊಳಗೆ ಅಜ್ಜನ ಕಾಲದ ಮದ್ದು ಇರಬಹುದು. ಕಪ್ಪು ಮದ್ದು ಒಣಗಿದ್ದರೆ ಎಷ್ಟು ವರ್ಷಕ್ಕೂ ಸಿಡಿಯಬಲ್ಲದು. ಅದನ್ನು ಮಕ್ಕಳ ಕೈಗೆ ಕೊಡುವುದು, ಬಿರಡೆ ಬಿಚ್ಚಲೆಂದು ಬೆಂಕಿಯಲ್ಲಿ ಕಾಯಿಸುವುದು ಪ್ರಾಣಕ್ಕೆ ಕುತ್ತು. ಪರವಾನಿಗೆ ಇರುವ ಕೋವಿ ರಿಪೇರಿಯವರಿಗೇ ಆ ಕೆಲಸ ಬಿಡಬೇಕು.

ಕಾನೂನು ಮತ್ತು ಸ್ವಾಭಿಮಾನ

ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಆಜ್ಞೆಯನ್ನು ವಿರೋಧಿಸಿ 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಬಂಡೆದ್ದರು. ಊರೇ ಬೆಂಕಿಗೆ ಆಹುತಿಯಾಯಿತು. ಈ ಕಥೆಯನ್ನು ನಾವು ಲಾವಣಿಯಲ್ಲಿ ಕೇಳಿದ್ದೇವೆ. ಅದು ಪರಕೀಯರ ಕಾನೂನು. ಇಂದು ನಮ್ಮದೇ ಸಂಸತ್ತು 1959ರಲ್ಲಿ ಮಾಡಿದ ಶಸ್ತ್ರಾಸ್ತ್ರ ಕಾಯ್ದೆ ಇದೆ. ಚುನಾವಣೆ ಬಂದಾಗಲೆಲ್ಲ ನಮ್ಮ ರೈತರು ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ತೋಟಕ್ಕೆ ಮಂಗ ನುಗ್ಗುವ ಕಾಲದಲ್ಲಿ ಇದು ಕಷ್ಟವೇ. ಆದರೂ ಪರವಾನಿಗೆ ಇಲ್ಲದ ಕೋವಿ ಮನೆಗೆ ರಕ್ಷಣೆಯಲ್ಲ, ಆಪತ್ತು.

ವಿದ್ಯಾರ್ಥಿಗಳೇ, ಇತಿಹಾಸವೆಂದರೆ ಅರಸರ ಹೆಸರು, ಯುದ್ಧದ ಇಸವಿಗಳಷ್ಟೇ ಅಲ್ಲ. ಒಂದು ಸಣ್ಣ ರಂಧ್ರ, ಒಂದು ತಿರುಪು, ಒಂದು ಹನಿ ಮಳೆನೀರು ಯುದ್ಧದ ಗತಿಯನ್ನೇ ಬದಲಿಸಿದ್ದುಂಟು. ನಿಮ್ಮ ಮನೆಯ ಹಳೆಯ ವಸ್ತುಗಳ ಬಗ್ಗೆ ಹಿರಿಯರನ್ನು ಕೇಳಿರಿ, ಬರೆದಿಡಿರಿ. ಆದರೆ ಕೋವಿಯ ವಿಷಯದಲ್ಲಿ ಮಾತ್ರ ಕೇಳಿ ತಿಳಿಯಿರಿ, ಮುಟ್ಟಿ ನೋಡಬೇಡಿರಿ.